ಕುಲುಮೆಗೆ ಮುಂಚೆ ಕತ್ತರಿಸಿದ್ದು ಯಾರು

ಎಲ್ಲರಿಗೂ ನಮಸ್ಕಾರ. ವಸಂತಕ್ಕ, ಮಾನ್ಯಾ — ಸರ್ ಅವರ ಹೆಂಡತಿ, ಮಗಳಾದ ನಿಮ್ಮಿಬ್ಬರ ಮುಂದೆ ನಿಂತು ಮಾತಾಡೋ ಮುಖ ನನಗಿಲ್ಲ. ಆದ್ರೂ ನಿಂತಿದೀನಿ. ಡುಲುತ್‌ನಿಂದ, ಶಾರ್ಲೆಟ್‌ನಿಂದ ಡ್ರೈವ್ ಮಾಡ್ಕೊಂಡು ಇವತ್ತಿನ ಶ್ರದ್ಧಾಂಜಲಿಗೆ ಅಂತ ನಾರ್‌ಕ್ರಾಸ್‌ನ ಈ ಹಾಲ್‌ಗೆ ಬಂದಿರೋ ಬಂಧುಗಳೇ, ಸರ್ ಅವರ ವಿದ್ಯಾರ್ಥಿಗಳೇ — ನಾನು ಶೈಲಜಾ. ಕಾಲೇಜಿನಲ್ಲಿ ಪ್ರೊಫೆಸರ್ ಮಹಾಂತಪ್ಪನವರ ಲ್ಯಾಬನ್ನ ಒಂಬತ್ತು ವರ್ಷ ನೋಡ್ಕೊಂಡವಳು.

ಮೊನ್ನೆ ಸರ್ ಮನೇಲಿ ಮಾನ್ಯಾ ನನ್ನ ಕೇಳಿದ್ಳು. "ಆಂಟಿ, ಅಪ್ಪ ಎಷ್ಟು ಕೇರ್‌ಫುಲ್ ಅಲ್ವಾ? ಆ ಮಿಸ್ಟೇಕ್ ಹೇಗೆ ಮಾಡಿದ್ರು?" ನಾನು ಲೋಟ ತೊಳೀತಾ ಇದ್ದೆ. ತೊಳೀತಾನೇ ಇದ್ದೆ. ಉತ್ತರ ಇವತ್ತು ಕೊಡ್ತೀನಿ.

ಸರ್ ಮೂರನೇ ವರ್ಷದ ಇಂಜಿನಿಯರಿಂಗ್ ಮಕ್ಕಳಿಗೆ ತ್ರೀಡಿ ಪ್ರಿಂಟಿಂಗ್ ಕಲಿಸ್ತಿದ್ರು, ನಿಮಗೆಲ್ಲ ಗೊತ್ತು. ಪ್ಲಾಸ್ಟಿಕ್ ಗೊಂಬೆ ಅಲ್ಲ — ಲೋಹ. ಉಕ್ಕಿನ ಪುಡಿ ಹರಡೋದು, ಲೇಸರ್‌ನಿಂದ ಕರಗಿಸೋದು, ಪದರದ ಮೇಲೆ ಪದರ. ಅಷ್ಟು ಚಿಕ್ಕ ಮಕ್ಕಳ ಕೈಗೆ ಅಂಥ ಮೆಷಿನ್ ಯಾಕೆ ಅಂತ ಎಲ್ಲರೂ ಕೇಳೋರು. "ಮುಟ್ಟದೇ ಇದ್ರೆ ಕಲಿಯೋದು ಹೇಗ್ರೀ?" ಅನ್ನೋರು ಸರ್. ಸೆಮಿಸ್ಟರ್ ಶುರುವಾದಾಗ ಇಲ್ಲಿನ ಇಂಡಿಯನ್ ಅಂಗಡಿಯಿಂದ ಹಪ್ಪಳ ತರೋರು. ಎಲ್ಲರ ಮುಂದೆ ಸುಟ್ಟು — ಹೀಗೆ ಎತ್ತಿ ಹಿಡಿದು — "ನೋಡಿ, ಬಿಸಿ ತಾಗಿದ್ದೇ ಅಂಚು ಹೇಗೆ ಸೊಟ್ಟಗಾಯ್ತು! ಲೋಹಾನೂ ಹೀಗೇ." ಒಂದು ಸಲ ಫೈರ್ ಅಲಾರಂ ಹೊಡ್ಕೊಂಡು ಇಡೀ ಬಿಲ್ಡಿಂಗ್ ಪಾರ್ಕಿಂಗ್ ಲಾಟ್‌ನಲ್ಲಿ ನಿಂತಿತ್ತು. ಸರ್ ಕೈಯಲ್ಲಿ ಹಪ್ಪಳ ಹಾಗೇ ಇತ್ತು.

ಆಮೇಲೆ ಒಂದೇ ಮಾತು ಹೇಳೋರು, ನೂರು ಸಲ ಹೇಳೋರು. ಪ್ರಿಂಟ್ ಆದ ಲೋಹದೊಳಗೆ ಬಿಗಿ ಇರುತ್ತೆ. ಅಡಿಯಲ್ಲಿ ಅಂಟಿರೋ ಪ್ಲೇಟ್ ಆ ಬಿಗೀನ ಹಿಡ್ಕೊಂಡಿರುತ್ತೆ. ಮೊದಲು ಪ್ಲೇಟ್ ಸಮೇತ ಕುಲುಮೆಯಲ್ಲಿಡಿ, ಬಿಗಿ ಸಡಿಲ ಆಗಲಿ. ಆಮೇಲೆ ಪ್ಲೇಟಿಂದ ಕತ್ತರಿಸಿ. ಆಮೇಲೆ!

ಹೋದ ವರ್ಷ ಹನ್ನೆರಡು ಮಕ್ಕಳು ವೀಲ್‌ಚೇರ್‌ಗೆ ಒಂದು ಬ್ರಾಕೆಟ್ ಮಾಡಿದ್ರು. ಒಂದು ಸೆಮಿಸ್ಟರ್ ಪೂರ್ತಿ ಅದೇ ಕೆಲಸ. ಕೋರ್ಸ್ ಉಳಿಸ್ಬೇಕೋ ಬೇಡ್ವೋ ಅಂತ ನೋಡೋಕೆ ಕಮಿಟಿ ಬರೋದಿತ್ತು. ಒಂದು ದಿನ ಮುಂಚೆ ಬಂದುಬಿಟ್ರು. ಸರ್ ವಾಷಿಂಗ್ಟನ್ ಡಿಸಿ ಮೀಟಿಂಗ್ ಮುಗಿಸ್ಕೊಂಡು ವಾಪಸ್ ಬರೋ ಫ್ಲೈಟ್‌ನಲ್ಲಿದ್ರು, ಫೋನ್ ಸಿಗಲಿಲ್ಲ. ಕುಲುಮೆಯಲ್ಲಿಟ್ರೆ ಮಾರನೇ ದಿನದವರೆಗೆ ಕಾಯ್ಬೇಕು. ಪ್ಲೇಟ್‌ಗೆ ಅಂಟಿರೋ ತುಂಡನ್ನ ತೋರಿಸಿದ್ರೆ ಕೆಲಸ ಮುಗಿದಿಲ್ಲ ಅಂತಾರೇನೋ ಅಂತ ನನಗೆ ಹೆದರಿಕೆ.

ಕತ್ತರಿಸಿದೆ. ನಾನು — ಈ ಕೈಯಲ್ಲೇ.

ಗರಗಸ ಕೊನೆ ಮುಟ್ಟಿದ್ದೇ ತಡ, ಅದು ಟಕ್ ಅಂತ ಬಿಲ್ಲಿನ ಹಾಗೆ ಬಾಗಿತು. ಬೋಲ್ಟ್ ತೂತು ವೀಲ್‌ಚೇರಿನ ತೂತಿಗೆ ಕೂಡಲಿಲ್ಲ. ಕಮಿಟಿಯವರ ಎದುರಿಗೆ ಮಕ್ಕಳು ಒತ್ತಿ ಒತ್ತಿ ನೋಡಿದ್ರು. ಅಷ್ಟೊತ್ತಿಗೆ ಸರ್ ಏರ್‌ಪೋರ್ಟ್‌ನಿಂದ ಸೀದಾ ಬಂದ್ರು, ಹೆಗಲ ಮೇಲೆ ಬ್ಯಾಗು. ಬ್ರಾಕೆಟ್ ಎತ್ತಿ ಕತ್ತರಿಸಿದ ಜಾಗಕ್ಕೆ ಬೆರಳಾಡಿಸಿದ್ರು. ನನ್ನ ಮುಖ ನೋಡಿದ್ರು. ಆ ತಿಂಗಳು ನನ್ನ ಗ್ರೀನ್ ಕಾರ್ಡ್ ಪೇಪರು ಕಾಲೇಜಿನವರ ಸೈನ್‌ಗೆ ಕಾಯ್ತಾ ಇತ್ತು. ಕೆಲಸ ಹೋದ್ರೆ ಅದೂ ಹೋಗ್ತಿತ್ತು — ಸರ್‌ಗೆ ಗೊತ್ತಿತ್ತು.

"ತಪ್ಪು ನಂದು," ಅಂದ್ರು ಇಂಗ್ಲಿಷಲ್ಲಿ. "ಅವಸರ ಮಾಡಿ ಕತ್ತರಿಸಿಬಿಡಿ ಅಂತ ಹೊರಡೋವಾಗ ನಾನೇ ಹೇಳಿದ್ದೆ."

ನಾನು ಸುಮ್ಮನಿದ್ದೆ.

ಕಮಿಟಿಯವರು ಕೋರ್ಸ್ ನಿಲ್ಲಿಸಿದ್ರು. ಟೀಚರೇ ಹೀಗೆ ಮಾಡಿದ್ರೆ ಮಕ್ಕಳ ಕೈಗೆ ಹೇಗೆ ಕೊಡೋದು ಅಂತ ಬರೆದ್ರು. ಕೊನೇ ಕ್ಲಾಸಲ್ಲಿ ರಚನಾ — ಅಲ್ಲಿ ಕೂತಿದಾಳೆ — ಎದ್ದು ಕೇಳಿದ್ಳು, "ಸರ್, ನೀವೇ ಹೇಳಿದ್ರಲ್ಲ, ಫರ್ನೇಸ್ ಫಸ್ಟ್ ಅಂತ. ವೈ?" ಸರ್ ನಕ್ಕರು. "ವಯಸ್ಸಾಯ್ತಮ್ಮ, ಮರೆತೆ." ಅವತ್ತೂ ನಾನು ಹಿಂದಿನ ಬೆಂಚಲ್ಲಿ ಕೂತಿದ್ದೆ.

ಆಮೇಲೆ ಸರ್‌ಗೆ ಆನ್‌ಲೈನ್‌ನಲ್ಲಿ ಡ್ರಾಯಿಂಗ್ ಕ್ಲಾಸ್ ಕೊಟ್ರು. ಮೆಷಿನ್ ಸಾಗಿಸಿದ ಮೇಲೂ ಮಧ್ಯಾಹ್ನ ಆ ಖಾಲಿ ಲ್ಯಾಬಿಗೆ ಬಂದು ಡಬ್ಬಿ ಬಿಚ್ಚಿ ಊಟ ಮಾಡೋರು. ನನಗೂ ಎರಡು ತುತ್ತು ಹಾಕೋರು. ಎಂಟು ತಿಂಗಳಲ್ಲಿ ಒಂದು ದಿನಾನೂ ಆ ವಿಷಯ ಎತ್ತಿ ಆಡಲಿಲ್ಲ. ಬೈದಿದ್ರೆ ಬದುಕ್ತಿದ್ದೆ ಸರ್! ಸರ್ ಹೃದಯ ಯಾಕೆ ನಿಂತಿತು ಅಂತ ಡಾಕ್ಟರು ಹೇಳಿದಾರೆ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂತಾನೂ ಹೇಳಿದಾರೆ. ನಾನು ನಂಬೋಕೆ ನೋಡ್ತಿದೀನಿ. ಆಗ್ತಿಲ್ಲ.

ಮಾನ್ಯಾ, ನಿಮ್ಮಪ್ಪ ಆ ತಪ್ಪು ಮಾಡಲಿಲ್ಲಮ್ಮ. ಕಾಲೇಜಿಗೆ ಇವತ್ತು ಬೆಳಿಗ್ಗೆ ಎಲ್ಲ ಬರೆದು ಕಳಿಸಿದೆ. ಹತ್ತೇ ನಿಮಿಷಕ್ಕೆ ಉತ್ತರ ಬಂತು — ತಿಳಿಸಿದ್ದಕ್ಕೆ ಥ್ಯಾಂಕ್ಸ್, ಆ ಫೈಲ್ ಮುಗಿದಿದೆ ಅಂತ. ಅಷ್ಟೇ. ಕೋರ್ಸ್ ಬರಲ್ಲ. ಸರ್ ಬರಲ್ಲ. ವಸಂತಕ್ಕ, ಕ್ಷಮಿಸಿ ಅಂತ ಕೇಳೋ ಯೋಗ್ಯತೆಯೂ ನನಗಿಲ್ಲ.

ಈಗ ಪ್ರೊಫೆಸರ್ ಮಹಾಂತಪ್ಪನವರಿಗಾಗಿ ಎಲ್ಲರೂ ಎದ್ದು ನಿಂತು ಎರಡು ನಿಮಿಷ ಮೌನವಾಗಿರೋಣ ಅಂತ ಕೇಳ್ಕೋತೀನಿ. ನೀವು ನಿಲ್ಲಿ. ನಾನೂ ನಿಲ್ತೀನಿ — ಅವರು ಬದುಕಿದ್ದಾಗ ನಿಲ್ಲಬೇಕಿತ್ತು.