ಅಭಿನಂದನಾ ಪತ್ರದ ನಾಲ್ಕನೆಯ ಸಾಲು

ಮಾನ್ಯ ಅಧ್ಯಕ್ಷರೇ, ರಕ್ಷಣಾ ಖಾತೆಯ ಇಷ್ಟು ಕೆಲಸದ ನಡುವೆ ನಮ್ಮ ಬಡಾವಣೆಗೆ ಬಂದಿರುವ ಮುಖ್ಯ ಅತಿಥಿಗಳೇ, ನಿವಾಸಿಗಳ ಸಂಘದ ಪದಾಧಿಕಾರಿಗಳೇ, ಇಂದಿನ ಸನ್ಮಾನಿತನೂ ನನ್ನ ಹೆಂಡತಿಯ ತಮ್ಮನೂ ಆದ ವಿಜ್ಞಾನಿಯೇ, ಮತ್ತು ಫ್ಯಾನಿನ ಗಾಳಿ ಎಲ್ಲಿ ಬೀಳುತ್ತದೆಂದು ನೋಡಿ ಜಾಗ ಹಿಡಿದಿರುವ ಬುದ್ಧಿವಂತ ಸಭಿಕರೇ,

ಸಂಘದ ಕಾರ್ಯದರ್ಶಿಗಳು ನನಗೆ ಒಪ್ಪಿಸಿರುವ ಕೆಲಸ ಚಿಕ್ಕದು. ಅಭಿನಂದನಾ ಪತ್ರವನ್ನು ಓದುವುದು, ಅದನ್ನು ಕೈಗೆ ಕೊಡುವುದು, ಫೋಟೋಗೆ ನಗುವುದು, ಇಳಿದು ಹೋಗುವುದು. "ಭಾವ ಅಂತ ನೀವೇ ಓದಿದ್ರೆ ಚೆನ್ನಾಗಿರತ್ತೆ ಸಾರ್, ಆದ್ರೆ ದಯವಿಟ್ಟು ಭಾಷಣ ಬೇಡ" ಎಂದು ಮೆಟ್ಟಿಲ ಹತ್ತಿರವೇ ಕೈಮುಗಿದರು. ಕಳೆದ ವಾರ್ಷಿಕ ಸಭೆಯಲ್ಲಿ ವಂದನಾರ್ಪಣೆಗೆಂದು ನಿಂತು ನಾನು ಎಲ್ಲರ ಚಹಾ ಆರಿಸಿದ್ದು ಅವರಿಗೆ ಮರೆತಿಲ್ಲ. ನನಗೂ ಮರೆತಿಲ್ಲ. ಆದರೆ ಪತ್ರವನ್ನು ಓದುವ ಮೊದಲು ಎರಡು ಮಾತು ಹೇಳದೆ ವಿಧಿಯಿಲ್ಲ.

ನನ್ನ ಉದ್ಯೋಗ ಏನೆಂದು ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮದೊಂದು ಸಣ್ಣ ಅಧ್ಯಯನ ಸಂಸ್ಥೆ ಇದೆ. ಯಾವುದೇ ದೇಶ "ನಾವು ಹೊಸ ಕ್ಷಿಪಣಿ ಹಾರಿಸಿದೆವು, ಅದು ಇಷ್ಟು ದೂರ ಹೋಯಿತು, ಹೀಗೆ ತಿರುಗಿತು, ಅಲ್ಲಿ ಹೊಡೆಯಿತು" ಎಂದು ಸಾರಿದರೆ, ನಾವು ಆ ಮಾತನ್ನು ತೂಗಿ ನೋಡುತ್ತೇವೆ. ಅವರೇ ಬಿಟ್ಟ ಚಿತ್ರಗಳನ್ನು ಅಳೆಯುತ್ತೇವೆ. ಹೊತ್ತು ತಂದ ಲಾರಿಯ ಚಕ್ರದ ಅಳತೆಯಿಂದ ಕ್ಷಿಪಣಿಯ ಉದ್ದ ಸಿಗುತ್ತದೆ. ಹೊಗೆಯ ಬಣ್ಣ ಇಂಧನದ ಸುಳಿವು ಕೊಡುತ್ತದೆ. ಈ ಕಡೆ ಬರಬೇಡಿ ಎಂದು ಹಡಗುಗಳಿಗೆ ಕೊಟ್ಟ ಎಚ್ಚರಿಕೆಯನ್ನು ನೋಡಿದರೆ ಎಷ್ಟು ದೂರ ಕಳಿಸುವ ಉದ್ದೇಶವಿತ್ತೆಂದು ತಿಳಿಯುತ್ತದೆ. ಕೊನೆಗೆ ಮೂರರಲ್ಲಿ ಒಂದು ಮಾತು ಬರೆಯುತ್ತೇವೆ: ದೃಢಪಟ್ಟಿದೆ, ಸಾಧ್ಯವಿದೆ, ಆಧಾರ ಸಾಲದು. ನಾಲ್ಕನೆಯ ಮಾತು ನಮ್ಮಲ್ಲಿಲ್ಲ. ಸುಳ್ಳು ಎಂದು ನಾವು ಯಾರಿಗೂ ಬರೆದವರಲ್ಲ.

ಈ ಚಾಳಿ ಮನೆಗೂ ಬಂದುಬಿಟ್ಟಿದೆ. ಅಡುಗೆ ಹೇಗಿದೆ ಎಂದು ಹೆಂಡತಿ ಕೇಳಿದರೆ ನಾನು ಎರಡನೆಯ ಸಲ ಬಡಿಸಿಕೊಳ್ಳುವವರೆಗೆ ಅಭಿಪ್ರಾಯ ಕೊಡುವುದಿಲ್ಲ. "ಮೊಸರಲ್ಲಿ ಕಲ್ಲು ಹುಡುಕೋದಕ್ಕೆ ಸಂಬಳ ಕೊಡ್ತಾರೆ ಅಂದ್ರೆ ಅದು ನಿಮ್ಮೊಬ್ಬರಿಗೇ" ಎಂದು ಅವಳು ಹೇಳುತ್ತಲೇ ಇರುತ್ತಾಳೆ. ಇಲ್ಲೇ ಇದ್ದಾಳೆ, ಮೊದಲ ಸಾಲು, ಕಂಬದ ಪಕ್ಕದ ಕುರ್ಚಿ. ಈಗಾಗಲೇ ಎರಡು ಸಲ ಕೆಮ್ಮಿದ್ದಾಳೆ. ಅದು ನೆಗಡಿಯ ಕೆಮ್ಮಲ್ಲ.

ಸರಿ, ಪತ್ರಕ್ಕೆ ಬರುತ್ತೇನೆ. ಚಿನ್ನದ ಬಣ್ಣದ ಅಂಚು, ಒಳ್ಳೆಯ ದಪ್ಪ ಕಾಗದ. ಬರೆದವರು ನಿವೃತ್ತ ಮುಖ್ಯೋಪಾಧ್ಯಾಯರು, ಅಕ್ಷರ ಮುತ್ತಿನಂತಿದೆ. ಮೊದಲನೆಯ ಸಾಲು: "ಈ ಬಡಾವಣೆಯ ಮಣ್ಣಿನಲ್ಲಿ ಆಡಿ ಬೆಳೆದ ಹೆಮ್ಮೆಯ ಪುತ್ರನೇ."

ಆಡಿದ್ದು ನಿಜ. ಆಡಿದ್ದಷ್ಟೇ ಅಲ್ಲ, ಮಣ್ಣನ್ನು ಜೇಬಿನಲ್ಲಿ ತುಂಬಿಕೊಂಡು ಮನೆಗೂ ತರುತ್ತಿದ್ದ. ಅತ್ತೆ ಮಾವ ಒಬ್ಬರ ಹಿಂದೆ ಒಬ್ಬರು ತೀರಿಕೊಂಡ ಮೇಲೆ ಇವನು ನಮ್ಮ ಮನೆಗೆ ಬಂದ. ನಮಗಾಗ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ಒಂದು ಟ್ರಂಕು, ಎರಡು ಜೇಬು ತುಂಬ ಗೋಲಿ. ನಡೆದರೆ ಗಲಗಲ ಸದ್ದು. ಆ ಸದ್ದಿಗೆ ನಾನೇ ಇಟ್ಟ ಹೆಸರು ಗೋಲಿ. ಇಷ್ಟು ದೊಡ್ಡ ಮನುಷ್ಯನನ್ನು ವೇದಿಕೆಯ ಮೇಲೆ ಹಾಗೆ ಕರೆಯಬಾರದು, ಆದರೆ ನನ್ನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ, ಮನ್ನಿಸಿ.

ಅವನ ಆಟದ ರೀತಿ ನಿಮಗೆ ಹೇಳಬೇಕು. ಮೆಟ್ಟಿಲ ಕೆಳಗಿನ ಓಣಿಯಲ್ಲಿ ಒಂದು ಗೋಲಿ ಇಟ್ಟು, ಆ ತುದಿಯಿಂದ ಗುರಿ ಹಿಡಿಯುತ್ತಿದ್ದ. ಅಡುಗೆಮನೆಯ ಕಿಟಕಿಯಲ್ಲಿ ಅವನ ಅಕ್ಕ. ಊಟ ಆರುತ್ತಿದೆ ಎಂಬ ಚಿಂತೆ ಅವಳಿಗೆ. "ತಾಗ್ತು ಕಣೋ, ನಾನೇ ನೋಡ್ದೆ, ಬಾ ಊಟಕ್ಕೆ" ಎನ್ನುವಳು. ಬೇರೆ ಮಕ್ಕಳಾದರೆ ಕುಣಿದುಕೊಂಡು ಬರುತ್ತಿದ್ದವು. ಇವನು ಬಗ್ಗಿ ನೆಲ ನೋಡುವನು. "ತಾಗಿಲ್ಲ ಅಕ್ಕ. ಪಕ್ಕದಲ್ಲಿ ಹೋಯ್ತು. ಇನ್ನೊಂದ್ಸಲ." ಅವಳು ಪ್ರೀತಿಯಿಂದ ಕೊಟ್ಟ ಗೆಲುವನ್ನು ಅವನು ಯಾವತ್ತೂ ತೆಗೆದುಕೊಳ್ಳಲಿಲ್ಲ. ನಾವು ಮೂವರೂ ತಣ್ಣಗಿನ ಊಟಕ್ಕೆ ಒಗ್ಗಿಹೋದೆವು.

ಎರಡನೆಯ ಸಾಲು, "ಬಾಲ್ಯದಿಂದಲೂ ಸಕಲ ವಿದ್ಯೆಗಳಲ್ಲಿ ಅಗ್ರಗಣ್ಯನೇ." ಚಿತ್ರಕಲೆಯ ಮೇಷ್ಟ್ರು ಇವತ್ತು ಸಭೆಗೆ ಬಂದಿಲ್ಲ, ಆದ್ದರಿಂದ ಇದನ್ನು ಹಾಗೆಯೇ ಬಿಡೋಣ. ಮೂರನೆಯದು, "ಸರಳ, ಸಜ್ಜನ, ಸತ್ಯವಂತನೇ." ಇದಕ್ಕೆ ನನ್ನ ತಕರಾರಿಲ್ಲ. ಇವನು ಸುಳ್ಳು ಹೇಳಿದ್ದನ್ನು ನಾನು ಕೇಳಿಲ್ಲ. ಎದುರು ಮನೆಯ ಕಿಟಕಿಯ ಗಾಜು ಒಡೆದಾಗಲೂ "ಕಲ್ಲು ನಮ್ಮ ಕಡೆಯಿಂದಲೇ ಬಂದಿದೆ ಭಾವ" ಎಂದನೇ ಹೊರತು ನಾನಲ್ಲ ಎನ್ನಲಿಲ್ಲ. ನಿಜ ಹೇಳಲಾಗದ ಕಡೆ ಅವನು ಸುಮ್ಮನಾಗುತ್ತಾನೆ. ಇದು ದೃಢಪಟ್ಟಿದೆ.

ಈಗ ನಾಲ್ಕನೆಯ ಸಾಲು. ಮೂರನೆಯ ಕೆಮ್ಮು ಕೇಳಿಸಿತು. "ಒಂದೇ ಏಟಿಗೆ ಕಡಲ ನಡುವಿನ ಗುರಿಯನ್ನು ಪುಡಿಗೈದು ಜಗತ್ತನ್ನೇ ಬೆರಗುಗೊಳಿಸಿದ ಕ್ಷಿಪಣಿಯ ಶಿಲ್ಪಿಯೇ."

ಬರವಣಿಗೆ ಸೊಗಸಾಗಿದೆ. ಮುಖ್ಯೋಪಾಧ್ಯಾಯರ ತಪ್ಪೇನೂ ಇಲ್ಲ, ಟಿವಿಯಲ್ಲಿ ಬಂದದ್ದನ್ನೇ ಬರೆದಿದ್ದಾರೆ. ನಾವೆಲ್ಲರೂ ಅದನ್ನು ನೋಡಿದೆವು. ನಮ್ಮ ಮನೆಯಲ್ಲಿ ಅಕ್ಕಪಕ್ಕದವರು ಬಂದು ಸೇರಿ ಕುರ್ಚಿ ಸಾಲದೆ ಹೋಯಿತು. ಉಡಾವಣೆ ಎಷ್ಟು ಚೆನ್ನಾಗಿತ್ತು! ನನ್ನ ಹೆಂಡತಿ ಅತ್ತಳು. ನಾನೂ ಕನ್ನಡಕ ಒರೆಸಿಕೊಂಡೆ. ಒರೆಸಿದ್ದು ನೀರಿಗೋ ಧೂಳಿಗೋ ಎಂಬ ಪ್ರಶ್ನೆ ಬೇಡ.

ಕನ್ನಡಕ ಒರೆಸಿದ್ದೇ ತಪ್ಪಾಯಿತೇನೋ, ಮತ್ತೆ ನೋಡಿದಾಗ ಸ್ಪಷ್ಟವಾಗಿ ಕಂಡಿತು. ಹಾರಿದ್ದು ಬೆಳಿಗ್ಗೆ. ಲಾರಿಯ ನೆರಳು ಅಂಗಳದ ಆ ತುದಿಯವರೆಗೆ ಚಾಚಿತ್ತು. ಗುರಿ ಇದ್ದದ್ದು ನೇರ ದಕ್ಷಿಣಕ್ಕೆ, ಹೊತ್ತು ಬದಲಾಗುವಷ್ಟು ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ. ಅಲ್ಲಿಗೆ ಹಾರಲು ಬೇಕಾದದ್ದು ಕೆಲವೇ ನಿಮಿಷ. ಆದರೆ ಗುರಿ ಪುಡಿಯಾಗುವ ಚಿತ್ರದಲ್ಲಿ ಗುರಿಯೆಂದು ನಿಲ್ಲಿಸಿದ್ದ ಹಳೆಯ ದೋಣಿಯ ಕಂಬದ ನೆರಳು ಕಂಬದ ಬುಡದಲ್ಲೇ ಮುದುಡಿಕೊಂಡಿತ್ತು. ಅಂದರೆ ನಡುಹಗಲು. ಬೆಳಿಗ್ಗೆ ಹೊರಟು ನಿಮಿಷಗಳಲ್ಲಿ ತಲುಪುವ ಕ್ಷಿಪಣಿ ಮಧ್ಯಾಹ್ನ ಹೋಗಿ ಹೊಡೆಯಬೇಕಾದರೆ ಅದು ದಾರಿಯಲ್ಲಿ ಎಲ್ಲೋ ಊಟಕ್ಕೆ ನಿಂತಿರಬೇಕು.

ನಗಬಹುದು, ನಾನೂ ಮೊದಲು ನಕ್ಕೆ. ಆಮೇಲೆ ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಮಾತು ನೆನಪಾಯಿತು. ಸಂಸ್ಥೆಗೆ ಹೋಗಿ, ಇದು ನನ್ನ ಭಾವಮೈದನ ಕೆಲಸ, ನಾನು ಮುಟ್ಟಬಾರದು, ಬೇರೆಯವರಿಗೆ ಕೊಡಿ ಎಂದೆ. ಎದುರು ಮೇಜಿನ ಸಹೋದ್ಯೋಗಿನಿಗೆ ಕೊಟ್ಟರು. ನನಗೆ ಕಂಡದ್ದು ಏನೆಂದು ಅವರಿಗೆ ಹೇಳಲಿಲ್ಲ. ಅವರಾಗಿಯೇ ಅಳೆದರು, ತಲೆ ಎತ್ತಿ ನನ್ನ ಮುಖ ನೋಡಿದರು, ಮತ್ತೆ ಅಳೆದರು. ಅವರ ವರದಿ ನಾಳೆ ಬೆಳಿಗ್ಗೆ ಪ್ರಕಟವಾಗುತ್ತದೆ. ಹಾರಿದ್ದು, ದೃಢಪಟ್ಟಿದೆ. ಹೇಳಿದಷ್ಟು ದೂರ ಹೋಗುವ ಶಕ್ತಿ, ಸಾಧ್ಯವಿದೆ. ಅಂದು ಗುರಿಗೆ ತಾಗಿದ್ದು, ಆಧಾರ ಸಾಲದು. ಇಷ್ಟೇ ಇರುವುದು ಅದರಲ್ಲಿ. ನಾಳೆ ತಿಳಿಯುವುದನ್ನು ಇವತ್ತೇ ಹೇಳಿದೆ, ಅವರು ನನ್ನನ್ನು ಕ್ಷಮಿಸಬೇಕು.

ಇದಕ್ಕೂ ಗೋಲಿಗೂ ಸಂಬಂಧವಿಲ್ಲ. ಅವನು ನನಗೆ ಒಂದಕ್ಷರ ಹೇಳಿಲ್ಲ. ಕಳೆದ ಭಾನುವಾರ ಊಟಕ್ಕೆ ಬಂದಿದ್ದ. ಅಕ್ಕ ಅವನಿಗಿಷ್ಟವೆಂದು ಆಲೂಗಡ್ಡೆ ಹುರಿದಿದ್ದಳು. "ಏನೋ, ನೀನು ಅಂದ್ಕೊಂಡ ಹಾಗೇ ತಾಗ್ತಾ?" ಎಂದು ಕೇಳಿದಳು. ಅವನು, "ಟಿವೀಲಿ ನೋಡಿದ್ಯಲ್ಲ ಅಕ್ಕ" ಎಂದ. ಅವಳಿಗೆ ಅದು ಉತ್ತರದ ಹಾಗೆ ಕೇಳಿಸಿತು. ತಟ್ಟೆಯಲ್ಲಿ ಆಲೂಗಡ್ಡೆ ಹಾಗೆಯೇ ಉಳಿದಿತ್ತು. ಇದರಿಂದ ನಾನು ಯಾವ ತೀರ್ಮಾನಕ್ಕೂ ಬಂದಿಲ್ಲ. ಹೊಟ್ಟೆ ಸರಿಯಿಲ್ಲದಿರಬಹುದು. ಈ ಮಾತನ್ನು ಇಲ್ಲಿ ಯಾಕೆ ತೆಗೆದೆನೋ ನನಗೇ ತಿಳಿಯದು, ಬಿಟ್ಟುಬಿಡಿ.

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಈ ಅಂಗಿಯನ್ನು ಇಸ್ತ್ರಿ ಮಾಡುತ್ತಾ ಹೇಳಿದಳು: "ಇವತ್ತೊಂದು ದಿನ ಅಳೀಬೇಡ್ರೀ. ಅಪ್ಪ ಅಮ್ಮ ನೋಡ್ದೇ ಹೋದ್ರು. ಎಲ್ಲರೂ ಸೇರಿ ನನ್ನ ತಮ್ಮನಿಗೆ ಚಪ್ಪಾಳೆ ಹೊಡೆಯೋದನ್ನ ನಾನಾದ್ರೂ ಕಣ್ತುಂಬ ನೋಡ್ತೀನಿ." ಆಗಲಿ ಎಂದೆ. ಮನಸಾರೆ ಹೇಳಿದ್ದು. ಈ ಸಭಾಂಗಣದ ಮೆಟ್ಟಿಲು ಹತ್ತುವಾಗಲೂ ನಾಲ್ಕೂ ಸಾಲು ಓದುವವನೇ ಇದ್ದೆ. ನಾಳೆಯದು ನಾಳೆಗೆ, ಈ ಸಂಜೆ ಅವಳದ್ದು ಎಂದುಕೊಂಡಿದ್ದೆ.

ಆದರೆ ನನಗಿಂತ ಮುಂಚೆ ಮುಖ್ಯ ಅತಿಥಿಗಳು ಮಾತಾಡಿದರು. ತುಂಬಾ ಚೆನ್ನಾಗಿ ಮಾತಾಡಿದರು. "ಇನ್ನು ಪರೀಕ್ಷೆಗಳ ಅಗತ್ಯವೇ ಇಲ್ಲ, ಮುಂದಿನ ತಿಂಗಳೇ ಇದನ್ನು ಸೇನೆಗೆ ಒಪ್ಪಿಸುತ್ತೇವೆ" ಎಂದರು. ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ವೇದಿಕೆಯ ಮೇಲಿದ್ದ ನಾನು ನೋಡಿದೆ, ಒಬ್ಬನು ಮಾತ್ರ ಏಳಲಿಲ್ಲ. ತನ್ನ ಬೂಟಿನ ತುದಿಯ ಮುಂದಿನ ನೆಲವನ್ನು ನೋಡುತ್ತಾ ಕುಳಿತಿದ್ದ. ಆ ನೋಟ ನನಗೆ ಗೊತ್ತು. ನಮ್ಮ ಮೆಟ್ಟಿಲ ಕೆಳಗಿನ ಓಣಿಯಲ್ಲಿ ಎಷ್ಟು ಸಂಜೆ ನೋಡಿದ್ದೇನೆ.

ಮಾನ್ಯ ಮುಖ್ಯ ಅತಿಥಿಗಳೇ, ಗೆದ್ದೆ ಎಂದು ಸಾರಿದ ಮೇಲೆ ಆ ಮನುಷ್ಯನಿಗೆ ಇನ್ನೊಂದು ಅವಕಾಶ ಕೊಡುವವರು ಯಾರು? ತಾಗಿತು ಎಂದು ನಾವೇ ತೀರ್ಮಾನಿಸಿದ ಮೇಲೆ ಅವನು ಯಾರ ಬಳಿ ಹೋಗಿ ಕೇಳಬೇಕು? ನಮ್ಮ ಬಡಾವಣೆಯ ನಲ್ಲಿ ರಿಪೇರಿಯವರ ಮಗ ಇದನ್ನು ವಹಿಸಿಕೊಳ್ಳುವ ಸೇನಾ ದಳದಲ್ಲೇ ಇದ್ದಾನೆ. ಮುಂದಿನ ತಿಂಗಳು ಇದನ್ನು ನಂಬಿ ಇದರ ಪಕ್ಕದಲ್ಲಿ ನಿಲ್ಲುವವನು ಅವನು. ಅವನ ತಾಯಿ ಅಲ್ಲಿ ಬಾಗಿಲ ಹತ್ತಿರ ಕುಳಿತಿದ್ದಾರೆ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.

ಗೋಲಿಯನ್ನು ನಾನು ಇಲ್ಲಿ ಏನೂ ಕೇಳುವುದಿಲ್ಲ. ನೀವೂ ಕೇಳಬೇಡಿ. ಕೇಳಿದರೆ ಅವನು ನಿಜ ಹೇಳಿಬಿಡುತ್ತಾನೆ.

ಅಂದರೆ... ನಿಜ ಏನೆಂದು ನನಗೆ ಗೊತ್ತಿಲ್ಲ ಎಂಬುದು ನನ್ನ ಮಾತಿನ ಅರ್ಥ. ಆಧಾರ ಸಾಲದು ಎಂದಷ್ಟೇ ನಾನು ಹೇಳಿದ್ದು. ಹೇಳಿದವನು ನಾನು, ಅವನಲ್ಲ. ಯಾರಿಗಾದರೂ ಸಿಟ್ಟು ಬಂದಿದ್ದರೆ ಕನ್ನಡಕದ ಅಂಗಡಿಯ ಮೇಲೆ ಬಂದು ನನ್ನನ್ನೇ ಕೇಳಬೇಕು.

ಆದ್ದರಿಂದ ಪತ್ರವನ್ನು ಹೀಗೆ ಓದುತ್ತೇನೆ. "ಈ ಬಡಾವಣೆಯ ಮಣ್ಣಿನಲ್ಲಿ ಆಡಿ ಬೆಳೆದ ಹೆಮ್ಮೆಯ ಪುತ್ರನೇ, ಬಾಲ್ಯದಿಂದಲೂ ಸಕಲ ವಿದ್ಯೆಗಳಲ್ಲಿ ಅಗ್ರಗಣ್ಯನೇ, ಸರಳ, ಸಜ್ಜನ, ಸತ್ಯವಂತನೇ, ನಿನಗೆ ನಮ್ಮೆಲ್ಲರ ಹೃದಯಪೂರ್ವಕ ಅಭಿನಂದನೆಗಳು." ನಾಲ್ಕನೆಯ ಸಾಲನ್ನು ಬಿಟ್ಟಿದ್ದೇನೆ. ಮುಖ್ಯೋಪಾಧ್ಯಾಯರು ಬೇಸರ ಮಾಡಿಕೊಳ್ಳಬಾರದು. ಇನ್ನೊಂದು ಪರೀಕ್ಷೆ ಆಗಲಿ. ತಾಗಿದರೆ ನಾನೇ ಈ ಮೈಕಿನ ಮುಂದೆ ನಿಂತು ಆ ಸಾಲನ್ನು ಎಲ್ಲರಿಗೂ ಸಾಕೆನ್ನಿಸುವಷ್ಟು ಸಲ ಓದುತ್ತೇನೆ, ಚಹಾ ಆರಿದರೂ ಸರಿ.

ಬಾ ಗೋಲಿ, ತಗೋ. ಎರಡೂ ಕೈಯಲ್ಲಿ ಹಿಡ್ಕೋ. ಫೋಟೋದವರ ಕಡೆ ನೋಡು.

ಏನಂದಿರಿ? ಬೆಳಕು ಸರಿಬೀಳಲಿಲ್ಲವೇ? ಸಭಿಕರೇ, ಫೋಟೋದವರು "ಇನ್ನೊಂದ್ಸಲ" ಅನ್ನುತ್ತಿದ್ದಾರೆ. ಗೋಲಿ ನಗುತ್ತಿದ್ದಾನೆ. ಹಿಂದೆ ಕುಳಿತವರಿಗೆ ಕಾಣಿಸದಿದ್ದರೆ ನಾನು ಹೇಳುತ್ತೇನೆ, ತಲೆ ಎತ್ತಿಕೊಂಡು, ಹಲ್ಲು ಕಾಣುವ ಹಾಗೆ ನಗುತ್ತಿದ್ದಾನೆ. ಇದು ದೃಢಪಟ್ಟಿದೆ.

ಕಂಬದ ಪಕ್ಕದ ಕುರ್ಚಿಯಲ್ಲಿ ಕೆಮ್ಮು ನಿಂತಿದೆ. ಸೆರಗೋ ಕರವಸ್ತ್ರವೋ ಯಾವುದೋ ಒಂದು ಕಣ್ಣಿಗೆ ಹೋಗಿದೆ. ಅದು ಸಂತೋಷಕ್ಕೋ ನನ್ನ ಮೇಲಿನ ಕೋಪಕ್ಕೋ, ಇವತ್ತು ನನಗೆ ಮನೆಯಲ್ಲಿ ಊಟ ಸಿಗುತ್ತದೋ ಇಲ್ಲವೋ, ಅದಕ್ಕೆಲ್ಲ ಸದ್ಯಕ್ಕೆ ಆಧಾರ ಸಾಲದು. ಮಾತಾಡಲು ಬಿಟ್ಟ ಅಧ್ಯಕ್ಷರಿಗೂ, ತಡೆಯಲು ಆಗದೆ ಬಾಗಿಲಲ್ಲಿ ನಿಂತಿರುವ ಕಾರ್ಯದರ್ಶಿಗಳಿಗೂ, ಆರಿದ ಚಹಾ ಕುಡಿಯಲಿರುವ ನಿಮಗೂ ನನ್ನ ವಂದನೆಗಳು. ನಮಸ್ಕಾರ.