ಅಗಲ ಎಲೆಯ ಕಂದು

ಕೂತುಕೊಳ್ಳುವುದಿಲ್ಲ ಅಂದೆನಲ್ಲ ಶ್ರೀನಿಧಿ, ಎಷ್ಟು ಸಲ ಹೇಳುವುದು? ಕೂತುಕೊಳ್ಳಲಿಕ್ಕೆ ಇಲ್ಲಿ ಎಂತ ಉಂಟು... ಕುರ್ಚಿಗಳಿಗೆಲ್ಲ ಗುಳ್ಳೆ ಪ್ಲಾಸ್ಟಿಕ್ ಸುತ್ತಿ ಆಗಿದೆ. ಸೋಫಾ ಗೋಡೆಗೆ ಮುಖ ಮಾಡಿ ನಿಂತಿದೆ, ಅದಕ್ಕೂ ನನ್ನ ಮೇಲೆ ಕೋಪ ಇದ್ದ ಹಾಗೆ. ನಾಳೆ ಮೂವರ್ಸ್ ಬರ್ತಾರೆ, ನಾಳಿದ್ದು ನೀವು ಅಬುಧಾಬಿಯವರು. ಸಂತೋಷ. ಮಬ್ರೂಕ್! ಈ ಸುದ್ದಿಯೂ ನನಗೆ ನಮ್ಮ ಕ್ಲಿನಿಕ್ಕಿನಲ್ಲಿ ಸಕೀನಳ ಬಾಯಿಂದಲೇ ಗೊತ್ತಾದದ್ದು. ಇರಲಿ, ಅದು ಬೇರೆ ವಿಷಯ.

ನಗ್ತೀಯಾ? ಇಲ್ಲವಾ... ಸರಿ, ನನಗೆ ಹಾಗೆ ಕಂಡಿತು.

ನಾನು ಬಂದದ್ದು ಒಂದು ಮಾತು ಕೇಳಲಿಕ್ಕೆ. ನಹ್ದಾದ ನನ್ನ ಮನೆಯಿಂದ ಮೆಟ್ರೋ ಬದಲಾಯಿಸಿಕೊಂಡು, ಸ್ಟೇಷನ್ನಿನಿಂದ ಈ ಬಿಸಿಲಲ್ಲಿ ನಡೆದುಕೊಂಡು, ಒಂದೂವರೆ ಗಂಟೆ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡು ಬಂದಿದ್ದೇನೆ. ಬಾಳೆಹಣ್ಣು ಯಾಕೆ ಕೊಡಲಿಲ್ಲ?

ಹೌದು, ಬಾಳೆಹಣ್ಣೇ! ನಲವತ್ತಾರು ವರ್ಷದ ಹೆಂಗಸು, ಇನ್ಶೂರೆನ್ಸ್ ಕೌಂಟರಿನಲ್ಲಿ ಕೂತು ಹತ್ತೊಂಬತ್ತು ವರ್ಷ ಜನರಿಗೆ ಇದು ಸಿಗುವುದಿಲ್ಲ, ಅದು ಸಿಗುವುದಿಲ್ಲ ಅಂತ ಹೇಳಿದವಳು, ಈಗ ಒಂದು ಬಾಳೆಹಣ್ಣಿಗೆ... ಹೇಗೆ ಕೇಳಿಸ್ತದೆ ಅಂತ ನನಗೂ ಗೊತ್ತುಂಟು. ಸೂಪರ್‌ಮಾರ್ಕೆಟ್ಟಿನಲ್ಲಿ ಫಿಲಿಪೈನ್ಸಿನದ್ದು ರಾಶಿ ಬಿದ್ದಿದೆ, ಅದೂ ನಮ್ಮ ಪಚ್ಚಬಾಳೆಯ ದಾಯಾದಿಯೇ, ಹೋಗಿ ತಿನ್ನಿ ಅಂತ ಹೇಳಬಹುದು ನೀನು. ಹೇಳು ನೋಡುವ!

ಮೊನ್ನೆ ಊಟದ ರೂಮಿನಲ್ಲಿ ಸಕೀನ ಡಬ್ಬಿ ಬಿಚ್ಚಿದಳು. ಮೀನುಸಾರಿನ ಪಕ್ಕದಲ್ಲಿ ಒಂದು ಹಣ್ಣು. ಗಿಡ್ಡ, ತುದಿ ಸ್ವಲ್ಪ ಮೇಲೆತ್ತಿದ್ದು, ಹಣ್ಣಾದರೂ ಸಿಪ್ಪೆ ಹಸಿರು. ನನ್ನ ಕೈಯ ತುತ್ತು ಬಾಯಿಗೆ ಹೋಗಲಿಲ್ಲ ಮಾರಾಯ್ತಿ. ಎಲ್ಲಿಯದ್ದು ಇದು ಅಂದೆ. ‘ಶ್ರೀನಿಧಿ ಮನೆಯದ್ದು, ನಿಮಗೆ ಕೊಡಲಿಲ್ವಾ?’ ಅಂತಾಳೆ. ಫಾರ್ಮಸಿಗೆ ಹೋಗಿದೆ. ಲ್ಯಾಬಿಗೆ ಹೋಗಿದೆ. ಆ ಜೋರ್ಡಾನಿನ ಡೆಂಟಿಸ್ಟ್ ಹೆಂಗಸು, ಸಿಪ್ಪೆ ಹಸಿರು ಉಂಟು, ಇನ್ನೂ ಕಾಯಿ ಅಂತ ಕಸಕ್ಕೆ ಎಸೆದಳಂತೆ! ಕಸದ ಬುಟ್ಟಿಗೂ ಹೋಗಿದೆ ನಿನ್ನ ಹಣ್ಣು. ಈ ಕ್ಯಾರೊಲಿನಕ್ಕನ ಮೇಜಿಗೆ ಮಾತ್ರ ಅದಕ್ಕೆ ದಾರಿ ಸಿಗಲಿಲ್ಲ.

ನಾನು ಸಕೀನಳಿಗೆ ಎಂತ ಹೇಳಿದೆ ಗೊತ್ತುಂಟಾ? ‘ನನಗೆ ನಿನ್ನೆಯೇ ಕೊಟ್ಟಿದ್ದಾಳೆ, ತಿಂದೂ ಆಯಿತು’ ಅಂದೆ. ತುಂಬಾ ಸಿಹಿ ಅಂತ ಸೇರಿಸಿದೆ ಬೇರೆ. ನಿನ್ನ ಮರ್ಯಾದೆ ಉಳಿಸಲಿಕ್ಕೆ... ಆಯ್ತಪ್ಪ, ನನ್ನದೂ.

ಎಲ್ಲಿ, ಸ್ವಲ್ಪ ಸರಿ, ನೋಡುವ. ಇದೇ ಗಿಡ ಅಲ್ವಾ? ಇಡೀ ಮನೆ ಪೆಟ್ಟಿಗೆಯೊಳಗೆ ಹೋಗಿದೆ, ಇದು ಮಾತ್ರ ಕಿಟಕಿಯ ಹತ್ರ ರಾಣಿಯ ಹಾಗೆ. ಅದೇ ನೀಲಿ ಡ್ರಮ್ಮು. ಮಾರ್ಬಲಿನ ತಂಪಿಗೆ ಬೇರು ಕೊಳೆಯುತ್ತದೆ ಅಂತ ಕೆಳಗೆ ಹಾಸಿದ ಯೋಗಾ ಮ್ಯಾಟು. ಎಷ್ಟು ನಗಾಡಿದ್ದೆ ನಾನು! ಹೊರಗೆ ನಲವತ್ತಾರು ಡಿಗ್ರಿ. ಒಳಗೆ ನಿಮ್ಮ ಮಾಲೀಕ ಕೊಟ್ಟ ಚಿಲ್ಲರ್ ಫ್ರೀ... ಎಸಿಗೆ ಬಿಲ್ಲೇ ಇಲ್ಲ, ಹಗಲೂ ರಾತ್ರಿ ಇಪ್ಪತ್ತೊಂದು, ಶುದ್ಧ ಮಡಿಕೇರಿ! ದುಬೈಯಲ್ಲಿ ಚಳಿಗೆ ನಡುಗುವ ಬಾಳೆಗಿಡ ನಿನ್ನ ಮನೆಯಲ್ಲಿ ಮಾತ್ರ ಇದ್ದದ್ದು. ಅದಕ್ಕೆ ಬಾಣಂತಿಗೆ ಕೊಟ್ಟ ಹಾಗೆ ಉಗುರುಬೆಚ್ಚಗಿನ ನೀರು. ಬಿಸಿಲು ಸಾಲದು ಅಂತ ನೇರಳೆ ಲೈಟು. ಆ ಲೈಟು ಕಂಡು ಎದುರು ಬಿಲ್ಡಿಂಗಿನವರು, ಇವರು ಎಂಥದ್ದೋ ಬೆಳೆಸ್ತಾರೆ ಅಂತ ಸೆಕ್ಯುರಿಟಿಯವನನ್ನು ಕಳಿಸಿದ್ದರಲ್ಲ! ಅವನು ಬಂದು, ತನ್ನ ಊರು ನೆನಪಾಗಿ, ಹತ್ತು ನಿಮಿಷ ಎಲೆ ಸವರುತ್ತಾ ನಿಂತನಂತೆ. ನಿನ್ನ ಗಂಡ, ಚಂದು, ಅದನ್ನು ಹೇಳಿ ಹೇಳಿ ನಗುತ್ತಿದ್ದ. ಆ ಕಾಲದಲ್ಲಿ ಈ ಮನೆಯಲ್ಲಿ ನನಗೂ ಒಂದು ಕುರ್ಚಿ ಇತ್ತು.

ಗೊನೆ ಇಲ್ಲಿ ಕಡಿದದ್ದಾ? ಎಷ್ಟು ಚಿಪ್ಪು ಇತ್ತು? ಮೂರಾ... ಬೆರಳು ತೋರಿಸಿದರೆ ಸಾಕಾ, ಬಾಯಿ ಪ್ಯಾಕ್ ಮಾಡಿ ಆಗಿದೆಯಾ? ಮೂರೇ ಚಿಪ್ಪು. ಮೂರು ವರ್ಷಕ್ಕೆ ಮೂರು ಚಿಪ್ಪು. ಇಲ್ಲ, ಇಲ್ಲ, ಕಡಿಮೆ ಅಂತ ಹೇಳಲಿಲ್ಲ ನಾನು! ಈ ತಂಪಿನಲ್ಲಿ ಬಂದದ್ದೇ ದೊಡ್ಡದು.

ಆದರೆ ಇದು ಎಲ್ಲಿಂದ ಬಂತು ಅಂತ ಮರೆತೆಯಾ? ಕಿನ್ನಿಗೋಳಿಯ ನಮ್ಮ ಹಿತ್ತಿಲಿನ ಬಾಳೆ. ನನ್ನ ಪಪ್ಪ ನೆಟ್ಟದ್ದು. ಅದನ್ನು ನಾನು ತಂದು ನಹ್ದಾದ ಬಾಲ್ಕನಿಯಲ್ಲಿ ಡ್ರಮ್ಮಿಗೆ ಹಾಕಿ, ಒಂದು ಗೊನೆ ಕಂಡೆ. ಆ ಗೊನೆಯಲ್ಲಿ ಅರ್ಧ ಇದೇ ಮನೆಗೆ ಬಂದದ್ದು. ಗೊನೆ ಕೊಟ್ಟ ಗಿಡ ಹೋಯಿತು, ಬಾಳೆ ಅಂದರೆ ಹಾಗೆ ತಾನೇ. ಹೋಗುವಾಗ ಬುಡದಲ್ಲಿ ಎರಡು ಕಂದು ಬಿಟ್ಟು ಹೋಯಿತು. ಎರಡೇ ಎರಡು. ‘ಅಕ್ಕ, ನನಗೊಂದು ಕೊಡಿ’ ಅಂದೆ ನೀನು. ಕೊಟ್ಟೆನಾ ಇಲ್ಲವಾ? ಅದೂ ಎಂಥದ್ದು ಕೊಟ್ಟೆ! ಇಷ್ಟಿಷ್ಟು ಅಗಲ ಎಲೆ, ಹಸಿರೋ ಹಸಿರು, ತಟ್ಟೆ ಬದಲು ಊಟಕ್ಕೆ ಹಾಸಬೇಕು ಹಾಗೆ. ನನಗೆ ಇಟ್ಟುಕೊಂಡದ್ದು ಆ ಸಪೂರದ್ದು. ಕತ್ತಿಯ ಅಲಗಿನಂಥ ನಾಲ್ಕು ಎಲೆ, ನೋಡಿದವರು ಪಾಪ ಅನ್ನಬೇಕು. ‘ಅಯ್ಯೋ ಅಕ್ಕ, ಚೆನ್ನಾಗಿರೋದನ್ನ ನೀವಿಟ್ಕೊಳ್ಳಿ’ ಅಂತ ನಿನ್ನ ಮೈಸೂರು ಕನ್ನಡದಲ್ಲಿ ನೀನೇ ಹೇಳಲಿಲ್ಲವಾ? ನಾನೇ ಒತ್ತಾಯ ಮಾಡಿ ಕೊಟ್ಟೆ. ನನ್ನನ್ನು ತಬ್ಬಿಕೊಂಡೆ ನೀನು. ಟ್ಯಾಕ್ಸಿಯಲ್ಲಿ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೋದೆ.

ಆ ಕಡೆ ಯಾಕೆ ನೋಡ್ತೀ? ನಾನು ಇಲ್ಲಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ವಾರ ಬಾತ್‌ರೂಮಿನಲ್ಲಿ ಅಳುತ್ತಾ ನಿಂತಿದ್ದವಳಿಗೆ ಕೋಡು, ಫಾರ್ಮು, ಸಿಸ್ಟಮು ಎಲ್ಲ ಕಲಿಸಿದ್ದು ಯಾರು? ಯಾವ ಡಾಕ್ಟರು ಯಾವಾಗ ಬೊಬ್ಬೆ ಹಾಕ್ತಾರೆ, ಯಾರ ಮುಂದೆ ನಗಬೇಕು, ಯಾರ ಮುಂದೆ ನಗಬಾರದು... ಅಂಥವಳು ಒಂದು ತಿಂಗಳಿಂದ ನನ್ನ ಕೌಂಟರಿನ ಮುಂದೆ ಫೋನು ನೋಡಿಕೊಂಡು ಹೋಗ್ತಾಳೆ! ಫೋನಿನಲ್ಲಿ ಎಂತದ್ದೂ ಇಲ್ಲ, ಸ್ಕ್ರೀನು ಕಪ್ಪು. ನನಗೆ ಕಣ್ಣು ಕಾಣ್ತದೆ ಶ್ರೀನಿಧಿ.

ಎಂದಿನಿಂದ ಅಂತ ಲೆಕ್ಕ ಹಾಕಿದೆ. ಸಕೀನಳ ಗಂಡ ಇಲ್ಲಿಗೆ ಬಂದು ಹೋದ ಮೇಲೆ. ಬಂದಿದ್ದ ಅಲ್ವಾ, ಗಿಡದ ನರ್ಸರಿಯಲ್ಲಿ ಕೆಲಸ ಮಾಡುವವನು? ಗೊನೆ ಯಾಕೆ ಇಷ್ಟು ಸಣ್ಣದು ಅಂತ ನೋಡಲಿಕ್ಕೆ ನೀನೇ ಕರೆಸಿದ್ದಂತೆ. ಎಂತ ಹೇಳಿದ ಅವನು?

...

ಎಂತ ಹೇಳಿದ ಅಂತ ಕೇಳಿದೆ. ಎಲೆಯ ವಿಷಯ ಎಂತಾದರೂ...? ಈ ನರ್ಸರಿಯವರಿಗೆ ಎಲ್ಲದಕ್ಕೂ ಒಂದು ಶಾಸ್ತ್ರ. ಅಗಲ ಇದ್ದರೆ ಹಾಗೆ, ಸಪೂರ ಇದ್ದರೆ ಹೀಗೆ ಅಂತ. ಒಬ್ಬೊಬ್ಬ ಒಂದೊಂದು ಹೇಳ್ತಾನೆ, ನಂಬಲಿಕ್ಕೆ ಆಗ್ತದಾ? ನನಗೆ ಇದೆಲ್ಲ ಎಲ್ಲಿಂದ ಗೊತ್ತಿರಬೇಕು? ನಾನು ಓದಿದ್ದು ಬಿ.ಕಾಂ. ನನ್ನ ಕಣ್ಣಿಗೆ ಯಾವುದು ಚಂದ ಕಂಡಿತೋ ಅದನ್ನು ಕೊಟ್ಟೆ, ಖಲಾಸ್.

ಸರಿ, ಹೇಳಬೇಡ.

ನೋಡು, ಜಗಳಕ್ಕೆ ಬಂದದ್ದಲ್ಲ ನಾನು. ನಿಜ ಹೇಳಬೇಕಾದರೆ ಹಣ್ಣೂ ಬೇಡ. ನನ್ನದು ಸತ್ತಿತು. ಆ ಸಪೂರದ್ದು. ಕಳೆದ ಆಗಸ್ಟಿನಲ್ಲಿ ರಜೆಗೆ ಊರಿಗೆ ಹೋದಾಗ. ವಾಚ್‌ಮ್ಯಾನ್ ದಿನಾ ನೀರು ಹಾಕಿದ್ದಾನೆ, ಆದರೆ ಬಾಲ್ಕನಿಯ ನೀರೂ ಕುದಿಯುತ್ತಿತ್ತಲ್ಲ... ಬಂದು ನೋಡುವಾಗ ಡ್ರಮ್ಮಿನಲ್ಲಿ ಬೆಂದ ತರಕಾರಿ. ಯಾರಿಗೂ ಹೇಳಲಿಲ್ಲ. ನಿನಗೂ. ಇನ್ನೊಂದು ತರುವ ಅಂತ ಊರಿಗೆ ಫೋನು ಮಾಡಿದರೆ, ನನ್ನ ತಮ್ಮ ಹಿತ್ತಿಲು ಸಪಾಟು ಮಾಡಿ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದಾನೆ. ಎರಡು ಕಾರು ನಿಲ್ತದಂತೆ. ಒಂದು ಬುಡವೂ ಉಳಿಯಲಿಲ್ಲ. ಪಪ್ಪನ ಬಾಳೆ ಅಂತ ಈ ಭೂಮಿಯ ಮೇಲೆ ಇರುವುದು ಈಗ ಇಲ್ಲಿ, ಈ ಡ್ರಮ್ಮಿನಲ್ಲಿ, ನಿನ್ನ ಯೋಗಾ ಮ್ಯಾಟಿನ ಮೇಲೆ. ನಾಳೆ ಅದು ಲಾರಿ ಹತ್ತುತ್ತದೆ.

ಒಂದು ಕಂದು ಕೊಡು. ಬುಡದಲ್ಲಿ ಎರಡು ಉಂಟಲ್ಲ, ನಾನು ಬರುವಾಗಲೇ ನೋಡಿದೆ. ಒಂದು ಸಾಕು. ಕೊಡ್ತೀಯಾ?

ಎಲ್ಲಿಗೆ ಹೋಗ್ತೀ? ಶ್ರೀನಿಧಿ? ಕೇಳುವಾಗ ಎದ್ದು ಹೋಗುವುದೆಂತ...

ಓ, ಚಾಕು. ದೇವರು ಒಳ್ಳೆಯದು ಮಾಡಲಿ ನಿನಗೆ! ನೀನು ಹಾಗೆ ಕಲ್ಲುಮನಸ್ಸಿನವಳಲ್ಲ ಅಂತ ನನಗೆ... ನಾನೇ ತೆಗೆಯಬೇಕಾ? ಯಾವುದು ಬೇಕಾದರೂ? ನೀನೇ ಆರಿಸಿ ಕೊಟ್ಟಿದ್ದರೆ... ಆಯ್ತು, ಆಯ್ತು, ಕೊಡು ಇತ್ಲಾಗಿ. ಆ ಪೇಪರು ಸ್ವಲ್ಪ ಹಾಸು, ನೆಲ ಮಣ್ಣಾದರೆ ನಾಳೆ ಮಾಲೀಕ ಡೆಪಾಸಿಟ್ಟಿಗೆ ತಕರಾರು ತೆಗೆದಾನು. ಅಮ್ಮಾ, ನನ್ನ ಮೊಣಕಾಲು! ಮೊದಲು ಮಣ್ಣು ಬಿಡಿಸಬೇಕು, ಎಳೆಯಬಾರದು. ತಾಯಿಗೆ ಅಂಟಿದ ಜಾಗ ಹುಡುಕಿ, ಓರೆಯಾಗಿ, ಗಡ್ಡೆಯ ಒಂದು ತುಂಡು ಸಮೇತ... ನೋಡು, ಎಷ್ಟು ಗಟ್ಟಿ ಹಿಡ್ಕೊಂಡಿದೆ. ಒಳ್ಳೆಯ ಕಂದು ಹೀಗೇ, ಸುಲಭದಲ್ಲಿ ಬಿಡುವುದಿಲ್ಲ. ಇನ್ನೊಂಚೂರು... ಯಲ್ಲಾ, ಬಾ ಮಗಾ... ಬಂತು! ಬಂತು ನೋಡು! ಬೇರು ಹೇಗಿದೆ, ಆಹಾ! ಇದು ಒಂದೂವರೆ ವರ್ಷದಲ್ಲಿ ಏಳೆಂಟು ಚಿಪ್ಪಿನ ಗೊನೆ ಹಾಕದಿದ್ದರೆ ನನ್ನ ಹೆಸರು...

ಎಂತ?

ಎಂತ ನೋಡ್ತೀ ನನ್ನ ಕೈ? ಕಂದು ಸಪೂರ ಉಂಟಾ? ಹೌದು, ಸ್ವಲ್ಪ ಸಪೂರವೇ. ಆ ಅಗಲ ಎಲೆಯದ್ದು ನಿನಗೇ ಇರಲಿ ಅಂತ... ಚಂದ ಉಂಟಲ್ಲ ಅದು, ಹೊಸ ಮನೆಗೆ ಅದೇ...

ಶ್ರೀನಿಧಿ.

ಏನಾದರೂ ಹೇಳು ಮಾರಾಯ್ತಿ. ಹಾಗೆ ನಿಲ್ಲಬೇಡ.

...ಗೊತ್ತಿತ್ತು. ಆಯ್ತಾ? ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಐದು ವರ್ಷದ ಮಗುವಿಗೂ ಗೊತ್ತು. ಅಗಲ ಎಲೆಯದ್ದು ನೀರುಗಂದು. ನೋಡಲಿಕ್ಕೆ ಲಾಯ್ಕ, ಗೊನೆಗೆ ಆಗದ್ದು. ಗೊನೆ ಬೇಕಾದರೆ ಸಪೂರದ್ದೇ ಆಗಬೇಕು. ಪಪ್ಪ ಅದನ್ನು ಕಿತ್ತು ಕಿತ್ತು ದನದ ಮುಂದೆ ಹಾಕುತ್ತಿದ್ದರು. ದನಕ್ಕೆ ಹಾಕುವುದನ್ನು ನಿನಗೆ ಕೊಟ್ಟೆ ನಾನು. ಪ್ರತಿ ತಿಂಗಳು ಕೇಳುತ್ತಿದ್ದೆನಲ್ಲ, ಗೊನೆ ಹಾಕಿತಾ, ಗೊನೆ ಹಾಕಿತಾ ಅಂತ? ನೀನು ಅದನ್ನು ಪ್ರೀತಿ ಅಂದುಕೊಂಡೆ. ಇಲ್ಲ ಅಕ್ಕ, ಬರೀ ಎಲೆ, ಅಂತ ನೀನು ಹೇಳಿದ ದಿನ ನನಗೆ ಊಟ ರುಚಿಸುತ್ತಿತ್ತು.

ಯಾಕೆ ಅಂತ ಕೇಳುವುದಿಲ್ಲವಾ? ನೀನು ಕೆಟ್ಟವಳು ಅಂತ ಅಲ್ಲ. ನೀನು ಕೇಳಿದ ಆ ರೀತಿ ಉಂಟಲ್ಲ, ‘ಅಕ್ಕ, ನನಗೊಂದು ಕೊಡಿ’... ಕೇಳಿದರೆ ಸಿಗ್ತದೆ ಅಂತ ಗೊತ್ತಿದ್ದವರು ಕೇಳುವ ರೀತಿ. ಹತ್ತೊಂಬತ್ತು ವರ್ಷದಲ್ಲಿ ನಾನು ಈ ಊರಿನಲ್ಲಿ ಒಂದು ಗ್ಲಾಸು ನೀರೂ ಹಾಗೆ ಕೇಳಿದವಳಲ್ಲ. ನನಗೆ ಪಿಸುರು ಬಂತು, ಸಿಟ್ಟು. ಅಷ್ಟೇ. ಅಷ್ಟೇ ಶ್ರೀನಿಧಿ, ಬೇರೆ ದೊಡ್ಡ ಕಾರಣ ಎಂತದ್ದೂ ಇಲ್ಲ. ಹುಡುಕಿದೆ, ಮೆಟ್ರೋದಲ್ಲಿ ಇಡೀ ದಾರಿ ಹುಡುಕಿದೆ, ಸಿಗಲಿಲ್ಲ.

ಅದೆಂತ ತಂದೆ? ಚೀಲವಾ... ಬಾಯಿ ಬಿಡಿಸಿ ಯಾಕೆ ಹಿಡ್ಕೊಂಡಿದ್ದೀ? ಇದನ್ನೇ ಹಾಕಬೇಕಾ? ಈ ಸಪೂರದ್ದನ್ನೇ?

ಬೇಡ. ಬೇಡ ಶ್ರೀನಿಧಿ, ಹೀಗೆ ಒಂದು ಮಾತಿಲ್ಲದೆ ಕೊಡಬೇಡ. ನಾನು ಇದನ್ನು ಹೇಗೆ ಮನೆಗೆ ಕೊಂಡುಹೋಗಲಿ? ಕೊಡುವುದಾದರೆ... ಬೈದಾದರೂ ಕೊಡು.