ನರ್ಸಮ್ಮನ ಬ್ರಷ್ಷು

ಬಸ್ ನಿಲ್ದಾಣದ ಬೆಂಚಿನ ತುದಿಯಲ್ಲಿದ್ದ ದರ್ಜಿಯ ಕಿವಿ ನಿಮಿರಿತು. ನಿವೃತ್ತಿಯಾಗಿ ಹುಟ್ಟೂರಿಗೆ ಮರಳಿದ್ದ ನರ್ಸಮ್ಮ ಹದಿನೈದೇ ದಿನಕ್ಕೆ ಗಂಟುಮೂಟೆ ಕಟ್ಟಿದ್ದಳು. ಅವಳ ಅತ್ತಿಗೆ ಕೈಹಿಡಿದು ತಡೆಯುತ್ತಿದ್ದಳು.

"ಒಂದು ಬ್ರಷ್ಷಿಗೋಸ್ಕರ ಊರು ಬಿಡ್ತೀಯೇನೇ?"

"ನನ್ನ ಬ್ರಷ್ಷಲ್ಲಿ ಪಕ್ಕದ್ಮನೆ ಮಾವ ಹಲ್ಲುಜ್ಜಿದ್ರು ಅತ್ತಿಗೆ. ಥೂ!"

"ನಿನ್ನನ್ನ ಎತ್ತಿ ಆಡಿಸಿದೋರು ಕಣೆ ಅವರು. ನಮ್ಮೂರಲ್ಲಿ ನಂದು ನಿಂದು ಅಂತ ಇದೆಯಾ?"

"ಬಾಚಣಿಗೆ ಹೋಯ್ತು, ಟವೆಲ್ ಹೋಯ್ತು, ಸುಮ್ಮನಿದ್ದೆ. ಬಾಯಿನೂ ಬಿಡಲ್ವಾ?"

"ಎಲ್ಲರ ಜೊತೆ ಬಾಳ್ಬೇಕು ಅಂತ ತಾನೇ ಬಂದಿದ್ದು?"

"ಬಾಳೋಕೆ ಬಂದೆ. ಎಂಜಲು ಹಂಚ್ಕೊಳ್ಳೋಕಲ್ಲ."

ಬಸ್ಸು ಬಂದು ನಿಂತಿತು.

"ಹೊಸದು ತಂದ್ಕೊಡ್ತೀನಿ, ಬಾರೆ ಮನೆಗೆ."

ನರ್ಸಮ್ಮ ಮೆಟ್ಟಿಲಿಗಿಟ್ಟ ಕಾಲನ್ನು ಹಿಂದೆಗೆದಳು. "ಅದನ್ನ ಬೇರೆ ಯಾರೂ ಮುಟ್ಟಲ್ಲ ತಾನೇ?"

"ನಿನ್ನಾಣೆಗೂ ಇಲ್ಲ. ನಾನು, ನೀನು, ನಿಮ್ಮಣ್ಣ. ಹೊರಗಿನೋರು ಒಬ್ಬರೂ ಮುಟ್ಟಲ್ಲ."

ನರ್ಸಮ್ಮ ಬಾಯಿಗೆ ಕರ್ಚೀಫು ಒತ್ತಿಕೊಂಡು ಬಸ್ಸು ಹತ್ತಿದಳು.